ಸವತಿಗಲ್ಲಿನ ಮೇಲೆ ಮೊಲ

ನಮ್ಮೂರಿನಲ್ಲಿ ಹೊಟ್ಟೆಕಿಚ್ಚು ಇಲ್ಲದೆ ಯಾರೂ ಮೊಲ ತಿನ್ನುವ ಹಾಗಿಲ್ಲ. ಇದು ಕಟ್ಟಳೆ. ಊರ ಪಕ್ಕದ ಬೆಟ್ಟಕ್ಕಿಂತ ಹಳೆಯದು. ಬೆಟ್ಟ ಬಂದು ಕೂತದ್ದನ್ನು ನಾನೇ ನೋಡಿದ್ದೇನೆ, ಕಟ್ಟಳೆ ಅದಕ್ಕೂ ಮುಂಚೆ ಇತ್ತು.

ಮೊಲ ಹಿಡಿದವನು ಅದನ್ನು ನೆಟ್ಟಗೆ ಮನೆಗೆ ಒಯ್ಯುವುದಿಲ್ಲ. ಊರ ನಡುವೆ ಇರುವ ಸವತಿಗಲ್ಲಿಗೆ ಒಯ್ಯುತ್ತಾನೆ. ಕಲ್ಲಿನ ಮೇಲೆ ಮಲಗಿಸುತ್ತಾನೆ. ಆಮೇಲೆ, ತನ್ನನ್ನು ಕಂಡರೆ ಊರಿನಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿಯುತ್ತದೋ ಅವನನ್ನು ಕೂಗಿ ಕರೆಯುತ್ತಾನೆ. ಹಾಗೆ ಉರಿಯುವವನಿಗೆ ಉರಿಗಣ್ಣ ಎಂದು ಹೆಸರು. ಉರಿಗಣ್ಣ ಬರುತ್ತಾನೆ. ಬೆರಳಿಗೆ ಮುತ್ತುಗದ ಎಲೆ ಸುತ್ತಿಕೊಳ್ಳುತ್ತಾನೆ. ಮೊಲದ ಹೊಟ್ಟೆ ಸೀಳುತ್ತಾನೆ. ಪಿತ್ತದ ಚೀಲ ಅಂಟಿಕೊಂಡಿರುವ ಈಲಿಯನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಾನೆ. ಈಲಿ ಕಂದು ಬಣ್ಣವಾಗಿ, ನುಣ್ಣಗೆ ಇದ್ದರೆ ಮೊಲ ಒಳ್ಳೆಯದು. ಅದರ ಮೇಲೆ ಅಕ್ಕಿಯ ನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಇದ್ದರೆ ಆ ಮೊಲದೊಳಗೆ ಜ್ವರ ಕೂತಿದೆ ಎಂದು ಅರ್ಥ. ತಿಂದವರ ಕಂಕುಳಲ್ಲಿ ಗಡ್ಡೆ ಏಳುತ್ತದೆ, ಮನೆಗೆ ಮನೆಯೇ ಹಾಸಿಗೆ ಹಿಡಿಯುತ್ತದೆ. ಅಂಥ ಮೊಲವನ್ನು ಊರಾಚೆಯ ಬೂದಿಗುಂಡಿಗೆ ಹಾಕಿ ಸುಡಬೇಕು.

ಉರಿಗಣ್ಣ ಸುಳ್ಳು ಹೇಳಿದರೆ? ಹೇಳಲಿಕ್ಕೆ ಆಗುವುದಿಲ್ಲ. ನುಚ್ಚು ಇದೆ ಎಂದರೆ ಬೆರಳಿಟ್ಟು ಎಲ್ಲರಿಗೂ ತೋರಿಸಬೇಕು. ಇಲ್ಲ ಎಂದರೆ ಆ ಮೊಲದ ಸಾರಿನಲ್ಲಿ ಮೊದಲ ತುತ್ತು ಅವನೇ ತಿನ್ನಬೇಕು.

ಮೊದಲು ಹೀಗಿರಲಿಲ್ಲವಂತೆ. ಆಗ ಪ್ರೀತಿ ಇದ್ದವರು ನೋಡುತ್ತಿದ್ದರು. ಮಗ ತಂದ ಮೊಲವನ್ನು ತಾಯಿ ನೋಡುತ್ತಿದ್ದಳು, ಗಂಡ ತಂದದ್ದನ್ನು ಹೆಂಡತಿ ನೋಡುತ್ತಿದ್ದಳು. ತಾಯಿಯ ಕಣ್ಣಿಗೆ ಮಗನ ಬೆವರು ಕಂಡೀತು, ಈಲಿಯ ಚುಕ್ಕೆ ಕಂಡೀತೇ? ಬೀದಿಗೆ ಬೀದಿ ಜ್ವರ ಬಂದು ಮಲಗಿತು. ಆ ಕಾಲದಲ್ಲಿ ಒಬ್ಬನು ತನ್ನ ಕಿರಿಯ ಹೆಂಡತಿಗೆಂದು ಒಂದು ಮೊಲ ತಂದ. ಕಿರಿಯವಳು ನೋಡಿ, ಬಂಗಾರದಂಥ ಮೊಲ ಅಂದಳು. ಹೊಸಲಿನ ಮೇಲೆ ಕೂತಿದ್ದ ಹಿರಿಯವಳು ಎದ್ದು ಬಂದಳು. ಮೊಲದ ಒಂದೊಂದು ಕೂದಲನ್ನೂ ಕಣ್ಣಲ್ಲೇ ಕಿತ್ತಳು. ಈಲಿಯನ್ನು ಬಿಸಿಲಿಗೆ ಹಿಡಿದಳು. ಅರ್ಧ ಸಾಸಿವೆಯಷ್ಟು ಬಿಳುಪು ಒಂದು ಮೂಲೆಯಲ್ಲಿತ್ತು. "ಇಲ್ಲಿ ನೋಡು, ಇದೇನು? ಇದೇನು ಅಂತೀನಿ!" ಎಂದು ಕೂಗಿದಳು. ಮೊಲ ಸುಟ್ಟರು. ಆ ವರ್ಷ ಆ ಮನೆಯೊಂದೇ ಎದ್ದು ಓಡಾಡಿತು. ಹಿರಿಯವಳು ಕೂತಿದ್ದ ಆ ಹೊಸಲಿನ ಕಲ್ಲನ್ನೇ ಕಿತ್ತು ತಂದು ಊರ ನಡುವೆ ಇಟ್ಟರು, ಅದೇ ಸವತಿಗಲ್ಲು.

ಅಂದಿನಿಂದ ನಮ್ಮೂರಿನಲ್ಲಿ ಹೊಟ್ಟೆಕಿಚ್ಚನ್ನು ಯಾರೂ ಬಚ್ಚಿಡುವುದಿಲ್ಲ. ಹೆಣ್ಣು ಕೊಡುವವರು ಬಂದರೆ, ಹುಡುಗನ ಉರಿಗಣ್ಣ ಯಾರು ಎಂದು ಮೊದಲು ಕೇಳುತ್ತಾರೆ. ಯಾರೂ ಇಲ್ಲ ಎಂದರೆ ನೀರು ಕೂಡ ಕುಡಿಯದೆ ಎದ್ದು ಹೋಗುತ್ತಾರೆ. ಯಾರನ್ನು ಕಂಡು ಯಾರಿಗೂ ಉರಿಯುವುದಿಲ್ಲವೋ ಅವನ ಮನೆಯ ಜಗುಲಿಯ ಮೇಲೆ ಮೊಲ ಬೇಯಿಸುವ ಮಡಕೆಯನ್ನು ಬೋರಲು ಹಾಕಿಸುತ್ತಾರೆ. ಮಡಕೆ ಬೋರಲು ಬಿದ್ದ ಮನೆಯವನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಈಗ ನನ್ನ ವಿಷಯ ಕೇಳಿ.

ನನ್ನಂಥ ಬಲೆಗಾರ ಆ ಸೀಮೆಯಲ್ಲೇ ಇರಲಿಲ್ಲ. ನಾನು ಸೀನಿದರೆ ಮೊಲಗಳು ಹೆದರಿ ಬಲೆಯ ಕಡೆಗೇ ಓಡುತ್ತಿದ್ದವು. ಒಮ್ಮೆ ನಾನು ತಂದ ಮೊಲದ ಕಿವಿ ಎಷ್ಟು ಉದ್ದ ಇತ್ತೆಂದರೆ, ಮೊಲ ಕಲ್ಲಿನ ಮೇಲೆ ಮಲಗಿದ ಮೇಲೂ ಕಿವಿಯ ತುದಿ ಬೀದಿಯ ತಿರುವಿನಲ್ಲೇ ಇತ್ತು. ಇನ್ನೊಮ್ಮೆ ನನ್ನ ಬಲೆಗೆ ಗಾಳಿಯೇ ಸಿಕ್ಕಿಬಿತ್ತು. ನಾನು ಬಿಡಿಸುವ ತನಕ ಊರಿನಲ್ಲಿ ಒಂದು ಎಲೆ ಅಲುಗಲಿಲ್ಲ.

ಅಂಥವನಿಗೆ ಅಂಥದ್ದೇ ಉರಿಗಣ್ಣ ಸಿಕ್ಕಿದ್ದ. ಎದುರು ಮನೆಯವನು, ನನಗಿಂತ ನಾಲ್ಕು ಮಳೆಗಾಲ ಕಿರಿಯ. ಅವನೂ ಮೊದಲು ಬಲೆ ಹಾಕುತ್ತಿದ್ದ. ಮೊಲಗಳು ಅವನ ಬಲೆಯ ಕೆಳಗೆ ನುಸುಳಿ, ಬಾಲ ಅಲ್ಲಾಡಿಸಿ, ನನ್ನ ಬಲೆಗೆ ಬಂದು ಬೀಳುತ್ತಿದ್ದವು. ಅವತ್ತಿನಿಂದ ಅವನು ಬಲೆ ಬಿಟ್ಟ, ನನ್ನನ್ನು ಹಿಡಿದ. ಏನು ಉರಿ ಅಂತೀರಿ! ನನ್ನ ಮನೆಯ ಹೊಗೆ ಮೇಲೆದ್ದರೆ ಅವನ ಮನೆಯ ಹಾಲು ಒಡೆಯುತ್ತಿತ್ತು. ನಾನು ಬೆಟ್ಟದ ಬುಡದಿಂದ ಕೂಗುವ ಮೊದಲೇ ಬಂದು ಸವತಿಗಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

ಆ ಕಲ್ಲನ್ನು ತೊಳೆಯುವ ಅಜ್ಜಿ ಒಬ್ಬಳಿದ್ದಳು. ಕಲ್ಲಜ್ಜಿ ಎನ್ನುತ್ತಿದ್ದರು. ಚೆಂಬಿನಲ್ಲಿ ನೀರು ಹಿಡಿದು ನಿಂತು ಎಲ್ಲರನ್ನೂ ಕೇಳುವುದನ್ನೇ ನನ್ನನ್ನೂ ಕೇಳುತ್ತಿದ್ದಳು.

"ಓಡಿತೋ, ಕೂತಿತೋ?"

"ಓಡಿತು."

"ಕಣ್ಣು ತಿಳಿಯೋ, ಪಿಸುರು ಕಟ್ಟಿತ್ತೋ?"

"ತಿಳಿ."

"ಕಿವಿ ತುಂಬ ನೆತ್ತರು ಹೀರೋ ಉಣುಗೋ, ಗಾಳಿಯೋ?"

"ಗಾಳಿ."

"ಉರಿಯುವವರು ಯಾರು?"

"ನಾನು!" ಅಂತ ನನ್ನ ಉರಿಗಣ್ಣ ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಲ್ಲುತ್ತಿದ್ದ. ಕಲ್ಲಜ್ಜಿ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಬಿಸಿ ಇದ್ದರೆ ನೀರು ಚೆಲ್ಲಿ ಕಲ್ಲು ಬಿಟ್ಟುಕೊಡುತ್ತಿದ್ದಳು. ಅವನ ಹೊಟ್ಟೆಯಲ್ಲಿ ರೊಟ್ಟಿ ಸುಡಬಹುದಿತ್ತು.

ಆಮೇಲೆ ಅವನು ನೋಡುತ್ತಿದ್ದ. ಅದು ನೋಟ! ಹಲ್ಲು ನೋಡುತ್ತಿದ್ದ, ಉಗುರಿನ ಸಂದು ನೋಡುತ್ತಿದ್ದ, ಕುತ್ತಿಗೆ ಒತ್ತಿ ಗಡ್ಡೆ ಇದೆಯೇ ನೋಡುತ್ತಿದ್ದ. ಈಲಿಯನ್ನು ಬಿಸಿಲಿಗೆ ಹಿಡಿದರೆ ನೆರಳು ಕಲ್ಲಿನ ಈ ಕಡೆಯಿಂದ ಆ ಕಡೆಗೆ ಹೋಗುವ ತನಕ ಇಳಿಸುತ್ತಿರಲಿಲ್ಲ. ಕಾದು ಕೂತ ಕಾಗೆಗಳು ನಿದ್ದೆ ಹೋಗುತ್ತಿದ್ದವು. ನುಚ್ಚು ಸಿಕ್ಕ ದಿನ, "ಲೋ ಬಲೆಯವನೇ! ಬಾರೋ, ನೋಡೋ, ನಿನ್ನ ದೌಲತ್ತು ಬೂದಿಗುಂಡಿಗೆ!" ಎಂದು ಕುಣಿಯುತ್ತಿದ್ದ. ಸಿಗದ ದಿನ, ನನ್ನ ಜಗುಲಿಗೆ ಬಂದು, ಮೊದಲ ತುತ್ತು ಬಾಯಿಗಿಟ್ಟು, ಮುಖ ಕಹಿ ಮಾಡಿಕೊಂಡು ಅಗಿದು ನುಂಗಿ, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ಉಪ್ಪು ಜಾಸ್ತಿ."

ನನ್ನ ಮನೆಯಾಕೆ ಒಳಗಿನಿಂದ, "ಉಣ್ಣೋವಾಗ ಕಣ್ಣೀರು ಒರೆಸ್ಕೋ ಮಾರಾಯ, ಅದೇ ಬಿದ್ದಿರ್ತೈತೆ" ಅನ್ನುತ್ತಿದ್ದಳು.

ಆಮೇಲೆ ನಾವು ಉಣ್ಣುತ್ತಿದ್ದೆವು. ನನ್ನ ಮಕ್ಕಳು ಒಬ್ಬರೂ ಜ್ವರದಲ್ಲಿ ಹೋಗಲಿಲ್ಲ. ಅವನ ಹೊಟ್ಟೆಕಿಚ್ಚಿನ ನೆರಳಲ್ಲಿ ತಣ್ಣಗೆ ಬೆಳೆದರು.

ಹೀಗಿರುವಾಗ ಬೆಟ್ಟದ ಆಚೆಯಿಂದ ಒಬ್ಬ ಹೊಸ ಬಲೆಗಾರ ಬಂದ. ಊರ ಕೊನೆಯಲ್ಲಿ ಗುಡಿಸಲು ಹಾಕಿದ. ಅವನ ಬಲೆಯ ನೂಲು ಎಷ್ಟು ಸಣ್ಣ ಎಂದರೆ ಒಣಗಲು ಹಾಕಿದಾಗ ಬಿಸಿಲಿಗೂ ಕಾಣುತ್ತಿರಲಿಲ್ಲ. ಮಾತು ಕಡಿಮೆ. ಬೆಳಿಗ್ಗೆ ಹೋಗುತ್ತಿದ್ದ, ಮೊಲ ತರುತ್ತಿದ್ದ. ಅಷ್ಟೇ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ?

ಆ ದಿನಗಳಲ್ಲಿ ನಾನೊಂದು ಮೊಲ ತಂದು ಕಲ್ಲಿನ ಮೇಲೆ ಮಲಗಿಸಿದೆ. ಕೂಗಿದೆ. ಉರಿಗಣ್ಣ ಬರಲಿಲ್ಲ. ಮತ್ತೆ ಕೂಗಿದೆ. ಎಲೆಅಡಿಕೆ ಜಗಿಯುತ್ತ, ನಿಧಾನವಾಗಿ, ಚಪ್ಪಲಿ ಎಳೆದುಕೊಂಡು ಬಂದ. ಕಲ್ಲಜ್ಜಿ ಕೇಳುವುದನ್ನೆಲ್ಲ ಕೇಳಿ ಅವನ ಹೊಟ್ಟೆ ಮುಟ್ಟಿ, "ಉಗುರು ಬೆಚ್ಚಗೈತೆ" ಎಂದು ಗೊಣಗಿ ನೀರು ಚೆಲ್ಲಿದಳು. ಅವನು ಈಲಿಯನ್ನು ಎತ್ತಿ ಇಳಿಸಿದ.

"ಚೆನ್ನಾಗೈತೆ ಬಿಡಣ್ಣ."

ಅಣ್ಣ! ಹುಟ್ಟಿದ ಮೇಲೆ ಅವನು ನನ್ನನ್ನು ಅಣ್ಣ ಎಂದವನಲ್ಲ. ಲೋ ಎನ್ನುತ್ತಿದ್ದವನು, ಇವನೇ ಎನ್ನುತ್ತಿದ್ದವನು, ಮುಖ ತಿರುಗಿಸಿ ಉಗುಳುತ್ತಿದ್ದವನು. ಜಗುಲಿಗೆ ಬಂದು ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ.

"ಉಪ್ಪು ಸರಿಯಾಗೈತೆ, ಅತ್ತಿಗೆ" ಅಂದ.

ಒಳಗೆ ಸೌಟು ಕೆಳಗೆ ಬಿದ್ದ ಸದ್ದಾಯಿತು.

ಅವನು ಹೋದ ಮೇಲೆ ಮನೆಯಾಕೆ ಬಾಗಿಲಿಗೆ ಬಂದು ನಿಂತಳು. "ಅವನಿಗೆ ನಿನ್ನ ಮೇಲೆ ಏನೂ ಉಳಿದಿಲ್ಲ" ಅಂದಳು.

"ಸುಮ್ನಿರು. ಮೈ ಸರಿ ಇರಾಕಿಲ್ಲ ಅವನಿಗೆ."

"ಮೈ ಸರೀಗೈತೆ. ನೋಡು ಅಲ್ಲಿ."

ನೋಡಿದೆ. ನನ್ನ ಉರಿಗಣ್ಣ ತನ್ನ ಮನೆಯ ಮುಂದೆ ಕೂತು ಊರ ಕೊನೆಯ ಗುಡಿಸಲನ್ನೇ ನೋಡುತ್ತಿದ್ದ. ಆ ಕಣ್ಣು ನನಗೆ ಗೊತ್ತು. ನನ್ನ ಹೊಗೆಯನ್ನು ನೋಡಿದ ಕಣ್ಣು, ನನ್ನ ಬಲೆಯನ್ನು ನೋಡಿದ ಕಣ್ಣು. ಅದೇ ಕಣ್ಣಲ್ಲಿ, ಅದೇ ಕೆಂಪಿನಲ್ಲಿ, ಇನ್ನೊಬ್ಬನ ಹೊಗೆಯನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಹೊಸ ಬಲೆಗಾರ ಸವತಿಗಲ್ಲಿನ ಹತ್ತಿರ ಕೂಗಿದ. ನನ್ನವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ನನಗೆ ಎದೆಯೊಳಗೆ ಕೆಂಡ ಸುರಿದ ಹಾಗಾಯಿತು. ಇಷ್ಟು ಕಾಲ ನನಗೆ ಉರಿದವನು! ಮಳೆಯಲ್ಲಿ ಉರಿದವನು, ಚಳಿಯಲ್ಲಿ ಉರಿದವನು, ಹೆಂಡತಿಗೆ ಹೆರಿಗೆಯಾದ ದಿನವೂ ಅವಳನ್ನು ಬಿಟ್ಟು ಬಂದು ನನಗೆ ಉರಿದವನು! ಇವತ್ತು ಯಾರೋ ಬಂದು ಸಣ್ಣ ನೂಲು ತೋರಿಸಿದರೆ ಅವನ ಹಿಂದೆ ಹೋಗುವುದೇ? ಹಿರಿಯ ಹೆಂಡತಿಯ ಸಂಕಟ ಏನೆಂದು ಆ ಹೊತ್ತು ನನಗೆ ತಿಳಿಯಿತು.

ನಾನು ಸುಮ್ಮನೆ ಕೂರುವವನಲ್ಲ. ಮದುವೆಯ ರುಮಾಲು ತೆಗೆದು ತಲೆಗೆ ಸುತ್ತಿದೆ. ಹಳೆಯ ಮೊಲದ ಬಾಲಗಳನ್ನೆಲ್ಲ ಸೂರಿಗೆ ತೋರಣ ಕಟ್ಟಿದೆ. ಅವನ ಬಾಗಿಲ ಮುಂದೆ ನಿಂತು ಗಾಳಿ ಹಿಡಿದ ಕಥೆ ಹೇಳಿದೆ, ಉದ್ದ ಕಿವಿಯ ಕಥೆ ಹೇಳಿದೆ. ಅಲ್ಲಿಯ ತನಕ ಯಾರಿಗೂ ಹೇಳದ, ಬೆಟ್ಟವನ್ನೇ ಬಲೆ ಹಾಕಿ ಎಳೆದು ತಂದ ಕಥೆಯನ್ನೂ ಹೇಳಿದೆ. ಅವನು ಕೊನೆಯ ತನಕ ಕೇಳಿದ. ನಕ್ಕ. ಒಳ್ಳೆಯ ನಗು, ಅದೇ ನನ್ನನ್ನು ಕೊಂದದ್ದು.

"ಹೌದಣ್ಣ. ನೀನು ಆಗ ಬಲೇ ದೊಡ್ಡೋನು" ಅಂದ.

ಆಗ! ಆ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು.

ಮುಂದಿನ ಮೊಲಕ್ಕೆ ಕಲ್ಲಜ್ಜಿ ಅವನ ಹೊಟ್ಟೆ ಮುಟ್ಟಿ ಕೈ ಹಿಂದೆ ತೆಗೆದಳು. "ತಣ್ಣಗಾಗ್ಯಾನೆ ಕಣ್ಲಾ ಮಗ. ಬೇರೆಯವರನ್ನ ಕರ್ಕೊಂಡು ಬಾ" ಅಂದಳು. ಮೊಲವನ್ನು ಸುಮ್ಮನೆ ಹೂತರು. ನಾನು ಮನೆಮನೆ ತಿರುಗಿದೆ.

"ನಿನಗೆ ನನ್ನ ಕಂಡರೆ ಸ್ವಲ್ಪವಾದರೂ ಉರಿಯಲ್ವೇನಯ್ಯಾ?"

ಎಣ್ಣೆ ಗಾಣದವನು ಕತ್ತು ಕೆರೆದುಕೊಂಡ. "ನಿನ್ನ ಹಲ್ಲು ನೋಡಿ ಇತ್ತು ಕಣಣ್ಣ, ಇಲ್ಲ ಅನ್ನಾಕಿಲ್ಲ. ಹೋದ ವರ್ಷ ಅದೂ ಉದುರಿತಲ್ಲ."

ಬಳೆಗಾರ್ತಿಯನ್ನು ಕೇಳಿದೆ. "ನಿನ್ನ ಮೇಲೆ ಯಾವತ್ತೂ ಇಲ್ಲ" ಅಂದಳು. "ನಿನ್ನ ಹೆಂಡತಿ ಮೇಲೈತೆ. ನಿನ್ನ ಮಾತು ಕೇಳಿಯೂ ಬದುಕವ್ಳಲ್ಲ, ಏನು ಗಟ್ಟಿ ಜೀವ ಅಂತ."

ನನ್ನ ಜಗುಲಿಯ ಮೇಲೆ ಮಡಕೆ ಬೋರಲು ಬಿತ್ತು. ಅದರ ತಳದ ಮೇಲೆ ಗುಬ್ಬಿ ಬಂದು ಕೂತಿತು. ಕಲ್ಲಿನ ಕಡೆಯಿಂದ ಹೊಸಬನ ಮೊಲದ ವಾಸನೆ ದಿನಾ ಬರುತ್ತಿತ್ತು, ಅದರ ಹಿಂದೆಯೇ, "ಲೋ! ಲೋ ಹೊಸಬನೇ!" ಎನ್ನುವ ನನ್ನವನ ದನಿಯೂ ಬರುತ್ತಿತ್ತು. ವಾಸನೆಯನ್ನು ತಡೆದುಕೊಂಡೆ. ದನಿಯನ್ನು ತಡೆಯಲಾಗಲಿಲ್ಲ.

ಒಂದು ದಿನ ನಡುಹಗಲಿನಲ್ಲಿ ಬಲೆಯನ್ನೂ ಹೊರದೆ ಬೆಟ್ಟದ ಬುಡದ ಕುರುಚಲು ಕಾಡಿಗೆ ಹೋಗಿ ಕೂತೆ. ಪೊದೆಯಿಂದ ಒಂದು ಮೊಲ ಹೊರಗೆ ಬಂತು. ಓಡಲಿಲ್ಲ. ನನ್ನನ್ನು ನೋಡಿತು. ಹೆಜ್ಜೆ ಹೆಜ್ಜೆ ಇಟ್ಟು ಬಂದು ನನ್ನ ಕಾಲಿನ ಹತ್ತಿರ ಕೂತಿತು. ನಾನು ಕೈ ಚಾಚಿದೆ, ಅದು ಕೈಯೊಳಗೆ ಬಂತು. ನೋಡಿದಿರಾ? ಊರು ಮರೆತರೂ ಮೊಲಗಳು ಮರೆತಿರಲಿಲ್ಲ. ಬಲೆ ಇಲ್ಲದೆ, ಕಲ್ಲು ಎಸೆಯದೆ, ಸೀನೂ ಇಲ್ಲದೆ ಮೊಲ ಹಿಡಿದವನು ಭೂಮಿಯ ಮೇಲೆ ನಾನೊಬ್ಬನೇ!

ಹೆಗಲ ವಸ್ತ್ರದಲ್ಲಿ ಸುತ್ತಿ ಎದೆಯ ಮೇಲೆ ಎತ್ತಿಕೊಂಡು ಊರೊಳಗೆ ಬಂದೆ. ಹೆಂಗಸರು ಬಾಗಿಲಿಗೆ ಬಂದರು. ಗಾಣ ನಿಂತಿತು. ನನ್ನ ಹಿಂದೆ ಊರೇ ಸವತಿಗಲ್ಲಿಗೆ ಬಂತು. ಹೊಸ ಬಲೆಗಾರನೂ ಬಂದು ಗೋಡೆಗೆ ಒರಗಿ ನಿಂತ. ಮನೆಯಾಕೆ ಮಸಾಲೆ ಅರೆದ ಕೈಯಲ್ಲೇ ಓಡಿ ಬಂದಳು.

"ಓಡಿತೋ, ಕೂತಿತೋ?" ಎಂದಳು ಕಲ್ಲಜ್ಜಿ.

"ಕೂತಿತು! ನನ್ನ ಕಾಲ ಹತ್ರ ಬಂದು ಕೂತಿತು!"

ಯಾವ ಬಲೆಗಾರನೂ ಆ ಕಲ್ಲಿನ ಮುಂದೆ ಹಾಗೆ ಹೇಳಿದ್ದಿಲ್ಲ.

"ಓಡಲಾರದೆ ಕೂತ ಮೊಲಕ್ಕೆ ಎರಡು ಪಟ್ಟು ಉರಿ ಬೇಕು ಕಣ್ಲಾ" ಅಂದಳು ಅಜ್ಜಿ. "ನಿನಗೆ ಒಂದು ಪಟ್ಟಿಗೂ ಗತಿಯಿಲ್ಲ. ಉರಿಯುವವರು ಯಾರು?"

ನಾನು ಒಬ್ಬೊಬ್ಬರ ಮುಖ ನೋಡಿದೆ. ಗುಂಪಿನೊಳಗಿಂದ ನನ್ನವನು ಮುಂದೆ ಬಂದ. ನನ್ನ ಕಿವಿಯ ಹತ್ತಿರ, "ಪಾಪ ಅಣ್ಣ, ಎಷ್ಟು ಆಸೆಪಟ್ಟಿದ್ದೀಯ. ಬಿಡು, ನಾನು ನೋಡ್ತೀನಿ" ಎಂದು ಪಿಸುಗುಟ್ಟಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಾನು! ನನಗೆ ಉರೀತೈತೆ!" ಅಂದ.

ಕಲ್ಲಜ್ಜಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಹುಬ್ಬು ಏರಿಸಿದಳು. ಹೊಟ್ಟೆ ಕಾದ ಹೆಂಚಿನ ಹಾಗಿತ್ತು. ಇರದೆ ಏನು? ಹೊಸ ಬಲೆಗಾರ ಅಲ್ಲೇ ಗೋಡೆಗೆ ಒರಗಿ ನಿಂತಿದ್ದನಲ್ಲ! ಬಿಸಿ ಇದೆಯೇ ಎಂದು ಕೈಗೆ ತಿಳಿಯುತ್ತದೆ, ಯಾರ ಮೇಲಿನ ಬಿಸಿ ಎಂದು ಕೈಗೆ ಹೇಗೆ ತಿಳಿಯಬೇಕು? ಅಜ್ಜಿ ನೀರು ಚೆಲ್ಲಿ ಕಲ್ಲು ಬಿಟ್ಟಳು.

ಅವನು ಎಲೆ ಸುತ್ತಿಕೊಂಡ. ಹೊಟ್ಟೆ ಸೀಳಿದ. ಈಲಿಯನ್ನು ಬಿಸಿಲಿಗೆ ಹಿಡಿದ. ಕೈಯಲ್ಲಿ ನನ್ನ ಮೊಲ, ಕಣ್ಣು ಮಾತ್ರ ಗೋಡೆಯ ಕಡೆಗೆ. ನನ್ನ ಮೊಲವನ್ನು ಹಿಡಿದು ಇನ್ನೊಬ್ಬನನ್ನು ನೋಡುತ್ತಿದ್ದ!

ಅದನ್ನು ಕಂಡು ನನ್ನೊಳಗೆ ಎದ್ದ ಉರಿಯನ್ನು ಹೇಗೆ ಹೇಳಲಿ? ತಲೆಯ ಮೇಲಿನ ರುಮಾಲು ಹೊಗೆಯಾಡಿತು. ಗೋಡೆಯ ಹತ್ತಿರ ನಿಂತವನ ಮೈಯ ಒಂದೊಂದು ಕೂದಲೂ ಕಂಡಿತು. ಅವನ ಬೆರಳಿನ ನೂಲಿನ ಗುರುತು ಕಂಡಿತು, ಅವನ ನೆರಳಿನಲ್ಲಿ ನಡೆಯುತ್ತಿದ್ದ ಇರುವೆಯ ಮೀಸೆ ಕಂಡಿತು. ಆ ಕಣ್ಣು ಹಾಗೇ ತಿರುಗಿ ಈಲಿಯ ಮೇಲೆ ಬಿತ್ತು.

ಈಲಿಯ ಅಂಚಿನಲ್ಲಿ ನುಚ್ಚು ಇತ್ತು.

"ಏನೂ ಇಲ್ಲ" ಎಂದು ನನ್ನವನು ಕೂಗಿದ. "ಚೊಕ್ಕಟ ಮೊಲ. ಅತ್ತಿಗೆ, ಒಲೆ ಹಚ್ಚು, ಮೊದಲ ತುತ್ತಿಗೆ ಬರ್ತೀನಿ."

ಜನ ಹೋ ಎಂದರು. ಗಾಣದವನು ನನ್ನ ಬೆನ್ನು ತಟ್ಟಿದ. ಹೊಸ ಬಲೆಗಾರನೂ ತಲೆದೂಗಿದ. ಬಾಯಿ ಮುಚ್ಚಿಕೊಂಡಿದ್ದರೆ ಮಡಕೆ ಮೇಲಕ್ಕೆ ತಿರುಗುತ್ತಿತ್ತು. ಬಲೆ ಇಲ್ಲದೆ ಹಿಡಿದವನು ಎಂಬ ಹೆಸರು ಬೆಟ್ಟದ ಆಚೆಗೂ ಹೋಗುತ್ತಿತ್ತು. ನನ್ನವನು ಜಗುಲಿಗೆ ಬಂದು, ತುತ್ತು ಅಗಿದು, ಉಪ್ಪು ಸರಿಯಾಗೈತೆ ಅತ್ತಿಗೆ ಎಂದು ಹೇಳಿ, ಮನೆಗೆ ಹೋಗಿ ಮಲಗುತ್ತಿದ್ದ. ಏಳುತ್ತಿರಲಿಲ್ಲ.

ಇನ್ನೊಬ್ಬನ ಮೇಲೆ ಉರಿಯುವವನು ನನ್ನ ಮೊಲ ತಿಂದು ಸಾಯುವುದೇ? ಸಾಯುವುದಾದರೆ ನನ್ನ ಮೇಲೆ ಉರಿದೇ ಸಾಯಲಿ!

"ನಿಲ್ಲು" ಅಂದೆ. ಮುತ್ತುಗದ ಎಲೆ ಬೆರಳಿಗೆ ಸುತ್ತಿ, ಈಲಿಯ ಅಂಚನ್ನು ಬಿಸಿಲಿಗೆ ತಿರುಗಿಸಿ, ಬೆರಳಿಟ್ಟು ತೋರಿಸಿದೆ. "ಇಲ್ಲಿ. ಇದೇನು?"

ಜನ ಬಗ್ಗಿ ನೋಡಿದರು. ನನ್ನವನ ಮುಖ ಬೂದಿಯಾಯಿತು, ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡ.

ಕಲ್ಲಜ್ಜಿ ಚೆಂಬು ಕೆಳಗಿಟ್ಟಳು. "ತನ್ನ ಮೊಲದ ಕಲೆ ತಾನೇ ಕಂಡೋನು ಈ ಕಲ್ಲಿನ ಹತ್ರ ಹುಟ್ಟಿರಲಿಲ್ಲ" ಅಂದಳು. "ಬಾ ಇಲ್ಲಿ." ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಯ್ಯೋ ಎಂದು ಕಿರುಚಿ ಕೈ ಎಳೆದುಕೊಂಡಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಕೈಯನ್ನು ಚೆಂಬಿನೊಳಗೆ ಅದ್ದಿದರೆ ನೀರು ಕೊತಕೊತ ಕುದಿಯಿತು. ಸುಳ್ಳೆಂದರೆ ಆ ಚೆಂಬು ಈಗಲೂ ಇದೆ, ಹೋಗಿ ನೋಡಿ.

"ಯಾರ ಮೇಲ್ಲಾ ಇಷ್ಟು ಉರಿ?"

ನಾನು ಗೋಡೆಯ ಕಡೆ ಬೆರಳು ತೋರಿಸಿದೆ.

"ಹಂಗಾದ್ರೆ ಇವತ್ತಿಂದ ಹೊಸಬನ ಮೊಲಕ್ಕೆ ನೀನೇ ಉರಿಗಣ್ಣ."

"ಯಾರಾದ್ರೂ ಆಗ್ಲಿ ಅಜ್ಜಿ" ಎಂದ ಹೊಸ ಬಲೆಗಾರ. ಅವನು ಇಷ್ಟು ಉದ್ದ ಮಾತಾಡಿದ್ದನ್ನು ನಾವು ಕೇಳಿದ್ದು ಅವತ್ತೇ. "ಬೇಗ ನೋಡೋರು ಆದ್ರೆ ಸಾಕು. ಇವರು ನೋಡಿ ಮುಗಿಸೋ ಹೊತ್ತಿಗೆ ನನಗೆ ಹಸಿವೇ ಸತ್ತುಹೋಗ್ತಿತ್ತು."

ನನ್ನವನು ಮುಂದೆ ನುಗ್ಗಿದ. "ಅದೆಂಗಜ್ಜಿ? ಹೊಸಬನಿಗೆ ಉರಿಯೋನು ನಾನು. ಊರಿಗೇ ಗೊತ್ತು. ಇವನ ಹೊಟ್ಟೆ ನನ್ನದಕ್ಕಿಂತ ಬಿಸಿಯಾ?"

"ನಿನ್ನದರಲ್ಲಿ ರೊಟ್ಟಿ ಸುಡಬೋದು. ಇವನದರಲ್ಲಿ ಕಬ್ಬಿಣ ಕಾಯ್ತೈತೆ."

ಅವನು ನನ್ನ ಕಡೆ ತಿರುಗಿದ. ನನ್ನ ಹೊಟ್ಟೆಯನ್ನು ನೋಡಿದ. ಅಜ್ಜಿಯ ಅಂಗೈಯ ಬೊಬ್ಬೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು. ಆಮೇಲೆ ಕಣ್ಣು ಕೆಂಪಾಯಿತು. ಉಸಿರು ತಿದಿಯ ಹಾಗೆ ಏರಿಳಿಯಿತು.

"ಲೋ" ಅಂದ. "ಲೋ ಬಲೆಯವನೇ! ಉರಿಯೋದ್ರಲ್ಲೂ ನೀನೇ ದೊಡ್ಡೋನೇನೋ?"

ಸುಡಲು ಎತ್ತಿಕೊಂಡು ಹೋಗುತ್ತಿದ್ದ ಮೊಲದ ಹಿಂದೆ ಊರೆಲ್ಲ ಹೋಯಿತು. ನಾನು ಹೋಗಲಿಲ್ಲ. ಆ ಮಾತನ್ನು ಕೇಳುತ್ತ ಅಲ್ಲೇ ನಿಂತಿದ್ದೆ.

ಮರುದಿನ ಬಲೆ ಹೊತ್ತು ಹೋದೆ. ಸಿಕ್ಕಿದ್ದು ಒಂದು ಬಡಕಲು ಮೊಲ. ಕಿವಿ ಕಿವಿಯಷ್ಟೇ ಇತ್ತು. ಬೆಟ್ಟದ ಬುಡದಿಂದ ಕೂಗಲು ಬಾಯಿ ತೆರೆದೆ. ನೋಡುತ್ತೇನೆ, ಅವನು ಆಗಲೇ ಸವತಿಗಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ಓಡಿತೋ ಕೂತಿತೋ, ಓಡಿತು. ಕಣ್ಣು ತಿಳಿ. ಕಿವಿಗೆ ಗಾಳಿ. ಹಲ್ಲು ನೋಡಿದ, ಉಗುರಿನ ಸಂದು ನೋಡಿದ, ಕುತ್ತಿಗೆ ಒತ್ತಿ ನೋಡಿದ. ಈಲಿಯನ್ನು ಬಿಸಿಲಿಗೆ ಹಿಡಿದು, ನೆರಳು ಕಲ್ಲಿನ ಈ ಕಡೆಯಿಂದ ಆ ಕಡೆಗೆ ಹೋಗುವ ತನಕ ಇಳಿಸಲಿಲ್ಲ. ಕಾಗೆಗಳು ನಿದ್ದೆ ಹೋದವು. ಕೊನೆಗೆ ಹಲ್ಲು ಕಡಿದು, "ಏನೂ ಇಲ್ಲ" ಅಂದ.

ಮನೆಯಾಕೆ ಬೋರಲು ಮಡಕೆಯನ್ನು ಎತ್ತಿ ಗುಬ್ಬಿಯನ್ನು ಓಡಿಸಿದಳು. ಸಾರು ಕುದಿಯಿತು. ಅವನು ಜಗುಲಿಯ ಮೇಲೆ ಕೂತ, ನನ್ನ ಕಡೆ ಬೆನ್ನು ಹಾಕಿಕೊಂಡು. ಮೊದಲ ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ. ಮುಖ ಕಹಿ ಮಾಡಿಕೊಂಡ.

"ಉಪ್ಪು ಜಾಸ್ತಿ."

ಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗಿನಿಂದ ನನ್ನನ್ನು ನೋಡಿದಳು. ಅವತ್ತು ಅವಳು ಸಾರಿಗೆ ಉಪ್ಪೇ ಹಾಕಿರಲಿಲ್ಲ.